ತಾಯಿಯ ತಪ್ಪಲ್ಲ: ಲೋರ್ನಾ ವಿಂಗ್ ಮತ್ತು ಆಟಿಸಂನ ಚರಿತ್ರೆ

ಆಟಿಸಂ ಎಂಬ ಪದವನ್ನು ನಾನು ಅಧ್ಯಾಪಕ ವೃತ್ತಿಯಲ್ಲಿದ್ದ ಮೂವತ್ತನಾಲ್ಕು ವರ್ಷಗಳಲ್ಲಿ ಶಿಕ್ಷಕರ ಕೊಠಡಿಯಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ. ಮಂಕು, ಹಠಮಾರಿ, ಅರೆಹುಚ್ಚ, ‘ಯಾವುದೋ ಲೋಕದಲ್ಲಿರುತ್ತಾನೆ’ - ನಮ್ಮ ಬಳಿ ಇದ್ದ ಶಬ್ದಭಂಡಾರ ಅಷ್ಟೇ. ಇಂದು ಆ ಪದ ನೆಂಟರಿಷ್ಟರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳ ಹಿಂದೆ ನನಗೆ ಬರೆದಿದ್ದಳು. ಅವಳ ಮೂರು ವರ್ಷದ ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಅತ್ತೆಯವರು, ‘ನೀನು ಆಫೀಸಿಗೆ ಹೋಗಿ ಮಗುವನ್ನು ಆಯಾ ಕೈಗೆ ಕೊಟ್ಟದ್ದರಿಂದಲೇ ಹೀಗಾಯಿತು’ ಎನ್ನುತ್ತಾರಂತೆ. ‘ಸಾರ್, ಇದು ನಿಜವೇ?’ ಎಂಬುದು ಅವಳ ಪ್ರಶ್ನೆ.

ನಿಜವಲ್ಲ ಎಂದು ಅಂದೇ ಉತ್ತರ ಬರೆದೆ. ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟ್ರು. ಆದರೆ ಈ ಆರೋಪಕ್ಕೇ ಒಂದು ಚರಿತ್ರೆಯಿದೆ. ಅದು ಆ ಅತ್ತೆಯವರ ಸ್ವಂತ ಕಲ್ಪನೆಯಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಕಾಲ ಅಮೆರಿಕ ಮತ್ತು ಯೂರೋಪಿನ ದೊಡ್ಡ ದೊಡ್ಡ ವಿದ್ವಾಂಸರು ಇದೇ ಮಾತನ್ನು ಪೀಠದ ಮೇಲೆ ಕುಳಿತು ಹೇಳಿದ್ದರು. ಆ ಮಾತು ಹೇಗೆ ಹುಟ್ಟಿತು, ಹೇಗೆ ಬಿತ್ತು ಎಂಬುದನ್ನು ಹೇಳಹೊರಟರೆ ಲೋರ್ನಾ ವಿಂಗ್ ಎಂಬ ಇಂಗ್ಲಿಷ್ ಮನೋವೈದ್ಯೆಯ ಬದುಕನ್ನು ಹೇಳಲೇಬೇಕಾಗುತ್ತದೆ. ಆಕೆಯ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಆದರೆ ಇಂದು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಒಬ್ಬ ವೈದ್ಯರು ಮಗುವಿನ ಕಡತದ ಮೇಲೆ ‘ಆಟಿಸಂ ಸ್ಪೆಕ್ಟ್ರಂ’ ಎಂದು ಬರೆದರೆ, ಆ ಎರಡನೆಯ ಶಬ್ದ ಆಕೆ ಕೊಟ್ಟದ್ದು.

ಮೊದಲು ಹೆಸರಿನ ಕಥೆ. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ತಾನು, ಸ್ವಯಂ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಅವರು 1911ರ ಸುಮಾರಿಗೆ ಸ್ಕಿಜೋಫ್ರೇನಿಯಾ ರೋಗಿಗಳು ಹೊರಜಗತ್ತಿನಿಂದ ಹಿಂದೆ ಸರಿದು ತಮ್ಮೊಳಗೇ ಮುಳುಗುವುದನ್ನು ಸೂಚಿಸಲು ‘ಆಟಿಸಂ’ ಎಂಬ ಪದವನ್ನು ಟಂಕಿಸಿದರು. ಕನ್ನಡದಲ್ಲಿ ‘ಸ್ವಲೀನತೆ’ ಎಂದು ಮಾಡಿಕೊಂಡಿದ್ದೇವೆ. ಅರ್ಥ ಸರಿಯಾಗಿಯೇ ಇದೆ, ಆದರೂ ಬಳಕೆಯಲ್ಲಿ ಆಟಿಸಂ ಎಂಬುದೇ ನಿಂತಿದೆ. ಮುಂದೆ 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರವನ್ನು ಪ್ರಕಟಿಸಿದರು. ಎಂಟು ಹುಡುಗರು, ಮೂವರು ಹುಡುಗಿಯರು. ಎಲ್ಲರಿಗೂ ಜನರಿಗಿಂತ ವಸ್ತುಗಳೇ ಪ್ರಿಯ. ಎಲ್ಲವೂ ನಿನ್ನೆ ಇದ್ದಂತೆಯೇ ಇಂದೂ ಇರಬೇಕೆಂಬ ಹಟ. ಹೇಳಿದ್ದನ್ನು ಹಾಗೆಯೇ ಮರುನುಡಿಯುವ ಅಭ್ಯಾಸ. ಕೆಲವರಲ್ಲಿ ಬೆರಗುಗೊಳಿಸುವ ಸ್ಮರಣಶಕ್ತಿ. ಅವರಲ್ಲಿ ಮೊದಲನೆಯವನಾದ ಮಿಸಿಸಿಪಿ ರಾಜ್ಯದ ಡೊನಾಲ್ಡ್ ಟ್ರಿಪ್ಲೆಟ್ ಮುಂದೆ ಕಾಲೇಜು ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ತನ್ನೂರಿನವರ ಪ್ರೀತಿಯಲ್ಲಿ ಬಾಳಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕ್ಯಾನರ್ ಮೊದಲಿಗರೇ? ಪೂರ್ತಿ ಅಲ್ಲ. ಕೀವ್‌ನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಕೆಲಸ ಮಾಡಿದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಆರು ಹುಡುಗರ ಬಗ್ಗೆ 1925ರಲ್ಲಿ ರಷ್ಯನ್ ಭಾಷೆಯಲ್ಲಿ, ಮರುವರ್ಷ ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಅದರ ಇಂಗ್ಲಿಷ್ ಅನುವಾದ ಬಂದದ್ದು 1996ರಲ್ಲಿ. ಎಪ್ಪತ್ತು ವರ್ಷ ಒಬ್ಬ ಹೆಂಗಸಿನ ಕೆಲಸ ಕಪಾಟಿನಲ್ಲೇ ಉಳಿಯಿತು. ವಿಜ್ಞಾನದ ಚರಿತ್ರೆಯಲ್ಲಿ ಇದು ಹೊಸತೇನಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಈಗ ಆರೋಪದ ವಿಷಯಕ್ಕೆ ಬರೋಣ. ಕ್ಯಾನರ್ 1943ರ ಲೇಖನದಲ್ಲಿ, ಈ ಮಕ್ಕಳು ಇತರರೊಡನೆ ಭಾವಸಂಬಂಧ ಬೆಳೆಸಿಕೊಳ್ಳಲಾಗದ ಜನ್ಮಜಾತ ಕೊರತೆಯೊಂದಿಗೇ ಹುಟ್ಟಿರುತ್ತಾರೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಆದರೆ ಅದೇ ಲೇಖನದಲ್ಲಿ, ಇವರ ತಂದೆತಾಯಂದಿರಲ್ಲಿ ನಿಜವಾಗಿ ಬೆಚ್ಚನೆಯ ಹೃದಯದವರು ವಿರಳ ಎಂದೂ ಸೇರಿಸಿದ್ದರು. ಆ ಒಂದು ಮಾತು ಬೇರು ಬಿಟ್ಟಿತು. 1949ರ ವೇಳೆಗೆ ಅವರೇ, ಈ ಮಕ್ಕಳನ್ನು ಮಂಜು ಕರಗದ ರೆಫ್ರಿಜರೇಟರಿನಲ್ಲಿ ಇಟ್ಟಂತಿತ್ತು ಎಂಬ ಅರ್ಥದ ಮಾತು ಬರೆದರು. ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರವಾದ ನುಡಿಗಟ್ಟು ಹುಟ್ಟಿದ್ದು ಹೀಗೆ. ಅವರ ಬಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಓದಿದ, ಅನುಕೂಲವಂತ ತಂದೆತಾಯಿಗಳು. ಅಂಥವರು ಮಾತ್ರ ದೇಶದ ಮೂಲೆಯಿಂದ ಬಾಲ್ಟಿಮೋರಿನ ದೊಡ್ಡ ಡಾಕ್ಟರರನ್ನು ಹುಡುಕಿಕೊಂಡು ಹೋಗಬಲ್ಲವರಾಗಿದ್ದರು. ಅವರು ಮಗುವಿನ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದು ತಂದುದನ್ನೇ ಭಾವಶೂನ್ಯತೆಯ ಲಕ್ಷಣವೆಂದು ಓದಿದ್ದು ವಿಚಿತ್ರ. ನಿದ್ದೆಗೆಟ್ಟು ಮಗುವನ್ನು ನೋಡಿಕೊಳ್ಳುವ ತಾಯಿಯೇ ಅಲ್ಲವೇ ಅಷ್ಟು ಬರೆಯುವುದು?

ಈ ವಾದವನ್ನು ಜನಸಾಮಾನ್ಯರವರೆಗೆ ಕೊಂಡೊಯ್ದವರು ಶಿಕಾಗೋದಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್. ವಿಯೆನ್ನಾದವರು, ನಾಜಿಗಳ ಡಾಖೌ ಮತ್ತು ಬೂಖನ್‌ವಾಲ್ಟ್ ಶಿಬಿರಗಳಲ್ಲಿ ಬಂದಿಯಾಗಿದ್ದು ಬದುಕಿ ಬಂದವರು. ಶಿಬಿರದಲ್ಲಿ ಬದುಕುವ ಆಸೆಯನ್ನೇ ಕಳೆದುಕೊಂಡ ಕೈದಿಗಳಿಗೂ ಈ ಮಕ್ಕಳಿಗೂ ಅವರು ಸಾಮ್ಯ ಕಂಡರು. ಅಂದಮೇಲೆ ತಾಯಿಯ ಸ್ಥಾನ ಯಾವುದಾಯಿತು, ಯೋಚಿಸಿ. 1967ರಲ್ಲಿ ಬಂದ ಅವರ ಪುಸ್ತಕ ಬಹಳ ಮಾರಾಟವಾಯಿತು. ತಂದೆತಾಯಿಗಳಿಂದ ಮಗುವನ್ನು ಬೇರ್ಪಡಿಸುವುದೇ ಚಿಕಿತ್ಸೆ ಎಂಬಲ್ಲಿಗೆ ಮಾತು ಬಂದು ಮುಟ್ಟಿತು.

ಇಂಥ ಕಾಲದಲ್ಲಿ, ಇಂಥ ಮಗುವಿನ ತಾಯಿಯಾಗಿದ್ದವರು ಲೋರ್ನಾ ವಿಂಗ್.

ಲೋರ್ನಾ ಟೋಲ್ಚರ್ಡ್ 1928ರ ಅಕ್ಟೋಬರ್ 7ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಗಿಲಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ತಂದೆ ನೌಕಾಪಡೆಯಲ್ಲಿ ಎಂಜಿನಿಯರ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ. ಅಂಗರಚನಾಶಾಸ್ತ್ರದ ತರಗತಿಯಲ್ಲಿ ಒಂದೇ ಶವವನ್ನು ಛೇದಿಸಲು ನಿಯುಕ್ತರಾದ ವಿದ್ಯಾರ್ಥಿಗಳ ತಂಡದಲ್ಲಿ ಜಾನ್ ವಿಂಗ್ ಎಂಬ ಯುವಕನೂ ಇದ್ದ; ಪರಿಚಯ ಅಲ್ಲಿಂದ ಮದುವೆಯವರೆಗೆ ಬೆಳೆಯಿತು. (ಪ್ರೇಮಕ್ಕೆ ಉದ್ಯಾನವನವೇ ಬೇಕೆಂದೇನೂ ಇಲ್ಲವೆಂದಾಯಿತು.) ಇಬ್ಬರೂ ಮನೋವೈದ್ಯರಾದರು. ಜಾನ್ ಮುಂದೆ ಲಂಡನ್ನಿನ ಮನೋವೈದ್ಯಕೀಯ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ವೈದ್ಯಕೀಯ ಸಂಶೋಧನಾ ಮಂಡಲಿಯ ಸಾಮಾಜಿಕ ಮನೋವೈದ್ಯ ಘಟಕದ ನಿರ್ದೇಶಕರಾಗಿ ಹೆಸರು ಮಾಡಿದರು. ಹುಚ್ಚಾಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೂಡಿಹಾಕಿದ ರೋಗಿಗಳಿಗೆ ರೋಗಕ್ಕಿಂತ ಆಸ್ಪತ್ರೆಯ ಜಡ ಜೀವನವೇ ಎಷ್ಟು ಹಾನಿ ಮಾಡುತ್ತದೆಂಬುದನ್ನು ತೋರಿಸಿದವರಲ್ಲಿ ಅವರೂ ಒಬ್ಬರು.

1956ರಲ್ಲಿ ಅವರಿಗೆ ಒಬ್ಬಳೇ ಮಗಳು ಸೂಸಿ ಹುಟ್ಟಿದಳು. ಇಬ್ಬರು ವೈದ್ಯರ ಮಗಳು, ಅದರಲ್ಲೂ ಮನೋವೈದ್ಯರ ಮಗಳು. ಆದರೂ ಏನೋ ಸರಿಯಿಲ್ಲವೆಂಬುದು ತಾಯಿಗೆ ಹೊಳೆದದ್ದು ಪುಸ್ತಕದಿಂದಲ್ಲ. ಸೂಸಿಗೆ ಆರು ತಿಂಗಳಿದ್ದಾಗ ಲೋರ್ನಾ ಅವಳನ್ನು ಎತ್ತಿಕೊಂಡು ರೈಲಿನಲ್ಲಿ ಹೋಗುತ್ತಿದ್ದರು. ಎದುರಿಗೆ ಇನ್ನೊಬ್ಬ ತಾಯಿ, ಹೆಚ್ಚುಕಡಿಮೆ ಅದೇ ವಯಸ್ಸಿನ ಗಂಡುಮಗುವಿನೊಂದಿಗೆ ಕುಳಿತಿದ್ದರು. ಆ ಮಗು ಕಿಟಕಿಯಾಚೆಗೆ ಏನನ್ನೋ ಕೈ ಮಾಡಿ ತೋರಿಸುತ್ತದೆ, ತಿರುಗಿ ತಾಯಿಯ ಮುಖ ನೋಡುತ್ತದೆ, ‘ನೀನೂ ನೋಡಿದೆಯಾ’ ಎಂಬಂತೆ. ಮತ್ತೆ ಹೊರಗೆ, ಮತ್ತೆ ತಾಯಿಯ ಮುಖ. ತನ್ನ ಮಗಳು ಒಮ್ಮೆಯೂ ಹೀಗೆ ಮಾಡಿಲ್ಲವೆಂಬುದು ಲೋರ್ನಾಗೆ ಹೊಳೆದು ಮೈ ತಣ್ಣಗಾಯಿತಂತೆ. ಸಂತೋಷವನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಆ ಸಣ್ಣ ಸನ್ನೆಯ ಮಹತ್ವವನ್ನು ವಿಜ್ಞಾನ ಮುಂದೆ ಹಲವು ದಶಕಗಳ ಕಾಲ ಅಳೆದು ತೂಗಿ ದೃಢಪಡಿಸಿತು. ಬೆರಳು ಮಾಡಿ ತೋರಿಸುತ್ತದೆಯೇ, ತೋರಿಸಿ ನಿಮ್ಮ ಮುಖ ನೋಡುತ್ತದೆಯೇ ಎಂಬುದು ಇಂದು ಒಂದೂವರೆ ವರ್ಷದ ಮಗುವಿನ ಬಗ್ಗೆ ವೈದ್ಯರು ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಸೇರಿದೆ.

ಹೆಸರು ಸಿಕ್ಕಿದ್ದು ಮಗುವಿಗೆ ಮೂರು ವರ್ಷವಾದಾಗ. ಮಿಲ್ಡ್ರೆಡ್ ಕ್ರೀಕ್ ಎಂಬ ಮಕ್ಕಳ ಮನೋವೈದ್ಯೆಯ ಉಪನ್ಯಾಸವನ್ನು ಕೇಳಿ ಬಂದ ಜಾನ್, ಅವರು ವರ್ಣಿಸಿದ್ದು ಸೂಸಿಯನ್ನೇ ಎಂದು ಹೆಂಡತಿಗೆ ಹೇಳಿದರು. ಆ ಕಾಲದ ವೈದ್ಯಶಿಕ್ಷಣದಲ್ಲಿ ಆಟಿಸಂ ಎಂಬುದು ಎಷ್ಟು ಅಪರೂಪದ ಮಾತಾಗಿತ್ತೆಂದರೆ, ಇಬ್ಬರು ತರಬೇತಾದ ಮನೋವೈದ್ಯರಿಗೆ ತಮ್ಮ ಮನೆಯಲ್ಲೇ ಇದ್ದುದನ್ನು ಗುರುತಿಸಲು ಇನ್ನೊಬ್ಬರ ಭಾಷಣ ಬೇಕಾಯಿತು. ತಾಯಿಯ ತಣ್ಣನೆಯ ಹೃದಯದ ಸಿದ್ಧಾಂತವನ್ನು ಲೋರ್ನಾ ಒಂದು ಕ್ಷಣವೂ ನಂಬಲಿಲ್ಲ. ತಮ್ಮ ಮಗಳನ್ನು ತಾವು ಬಲ್ಲರಷ್ಟೆ! ಆದರೆ ಒಬ್ಬ ತಾಯಿ ನಂಬದಿದ್ದರೆ ಸಿದ್ಧಾಂತ ಬೀಳುವುದಿಲ್ಲ. ಅದಕ್ಕೆ ಲೆಕ್ಕ ಬೇಕು, ಸಾಕ್ಷ್ಯ ಬೇಕು, ಸಂಘಟನೆಯೂ ಬೇಕು. ಮುಂದಿನ ಐವತ್ತು ವರ್ಷ ಆಕೆ ಮಾಡಿದ್ದು ಈ ಮೂರನ್ನು.

ಸಂಘಟನೆ ಮೊದಲು. 1962ರಲ್ಲಿ ಲಂಡನ್ನಿನಲ್ಲಿ ಕೆಲವು ತಂದೆತಾಯಿಗಳು ಕೂಡಿ ಒಂದು ಸಂಘ ಕಟ್ಟಿದರು. ಲೋರ್ನಾ ಅದರ ಸ್ಥಾಪಕರಲ್ಲೊಬ್ಬರು. ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅದೇ. ಅವರ ಮೊದಲ ಬೇಡಿಕೆ ಔಷಧವಲ್ಲ, ಶಾಲೆ. ಅಂದಿನ ಇಂಗ್ಲೆಂಡಿನಲ್ಲಿ ತೀವ್ರ ಬುದ್ಧಿನ್ಯೂನತೆಯ ಮಕ್ಕಳನ್ನು ‘ಶಿಕ್ಷಣಕ್ಕೆ ಅನರ್ಹ’ ಎಂದು ಕಾನೂನಿನ ಪ್ರಕಾರವೇ ಬರೆದುಕೊಟ್ಟು ಶಾಲಾವ್ಯವಸ್ಥೆಯಿಂದ ಹೊರಗಿಡಲಾಗುತ್ತಿತ್ತು. ಅವರ ಹೊಣೆ ಶಿಕ್ಷಣ ಇಲಾಖೆಯದಲ್ಲ, ಆರೋಗ್ಯ ಇಲಾಖೆಯದು. ಇದು ಬದಲಾದದ್ದು 1970ರ ಕಾಯಿದೆಯಿಂದ, ಜಾರಿಗೆ ಬಂದದ್ದು 1971ರ ಏಪ್ರಿಲಿನಲ್ಲಿ. ಇಂಗ್ಲೆಂಡಿನಂಥ ಇಂಗ್ಲೆಂಡಿನಲ್ಲಿ!

ಇಲ್ಲಿ ಒಬ್ಬ ಟೀಚರಮ್ಮನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಆಕೆಯ ಹೆಸರು ಸಿಬಿಲ್ ಎಲ್ಗರ್, ಹುಟ್ಟಿದ್ದು 1914ರಲ್ಲಿ. ನಡುವಯಸ್ಸಿನಲ್ಲಿ ಮಾಂಟೆಸರಿ ತರಬೇತಿ ಪಡೆದ ಆಕೆ ‘ಭಾವನಾತ್ಮಕವಾಗಿ ಅಸ್ವಸ್ಥ’ರೆಂದು ಕರೆಯಲಾಗುತ್ತಿದ್ದ ಮಕ್ಕಳಿದ್ದ ಕಡೆ ಹೋಗಿ, ಅಲ್ಲಿನ ಸ್ಥಿತಿ ಕಂಡು ಮನನೊಂದು, 1960ರ ದಶಕದ ಆರಂಭದಲ್ಲಿ ಲಂಡನ್ನಿನ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಕೆಲವೇ ಮಕ್ಕಳಿಗೆ ಪಾಠ ಶುರುಮಾಡಿದರು. ಅಂದಿನ ಮನೋವಿಶ್ಲೇಷಕರು, ಈ ಮಕ್ಕಳಿಗೆ ಶಿಸ್ತು ಹೇರಬಾರದು, ಒಳಗಿನ ಗಾಯ ಮಾಯುವವರೆಗೆ ಇಷ್ಟ ಬಂದಂತೆ ಬಿಡಬೇಕು ಎನ್ನುತ್ತಿದ್ದರು. ಸಿಬಿಲ್ ಕಂಡುಕೊಂಡದ್ದು ಅದಕ್ಕೆ ತದ್ವಿರುದ್ಧ. ಗದ್ದಲವಿಲ್ಲದ ಕೋಣೆ, ದಿನವೂ ಅದೇ ಕ್ರಮ, ಚಿಕ್ಕ ಚಿಕ್ಕ ಸ್ಪಷ್ಟ ವಾಕ್ಯಗಳು, ಬಾಯಿಮಾತಿಗಿಂತ ಕಣ್ಣಿಗೆ ಕಾಣುವ ವಸ್ತು. ಇಷ್ಟು ಮಾಡಿದರೆ ಕಲಿಯಲಾರರೆಂದು ಕೈಬಿಟ್ಟಿದ್ದ ಮಕ್ಕಳು ಕಲಿತರು. ತಂದೆತಾಯಿಗಳ ಸಂಘ 1965ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಶಾಲೆ ತೆರೆದಾಗ ಮುಖ್ಯೋಪಾಧ್ಯಾಯಿನಿಯಾದವರು ಅವರೇ. ಮಕ್ಕಳು ದೊಡ್ಡವರಾಗುತ್ತಾರೆ ಎಂಬ ಸರಳ ಸತ್ಯವನ್ನು ಮರೆಯದೆ 1974ರಲ್ಲಿ ಸಾಮರ್‌ಸೆಟ್‌ನಲ್ಲಿ ವಯಸ್ಕರ ವಸತಿಕೇಂದ್ರವನ್ನೂ ಆರಂಭಿಸಿದರು. 2007ರಲ್ಲಿ ತೀರಿಕೊಂಡರು. ಮನೋವೈದ್ಯರು ಕಾರಣಗಳ ಬಗ್ಗೆ ಜಗಳವಾಡುತ್ತಿದ್ದಾಗ ಒಬ್ಬ ಶಿಕ್ಷಕಿ ಕಪ್ಪುಹಲಗೆಯ ಕಡೆಯಿಂದ ಉತ್ತರ ಕೊಡುತ್ತಿದ್ದರು. ಶೀತಲ ತಾಯಿಯ ಸಿದ್ಧಾಂತಕ್ಕೆ ಇದೂ ಒಂದು ಪೆಟ್ಟು: ಮಗುವಿಗೆ ಬೇಕಾದದ್ದು ತಾಯಿಯಿಂದ ಬಿಡುಗಡೆಯಲ್ಲ, ಅದರ ಮಿದುಳಿಗೆ ಒಗ್ಗುವ ಪಾಠಕ್ರಮ.

ಲೋರ್ನಾ 1971ರಲ್ಲಿ ತಂದೆತಾಯಿಗಳಿಗಾಗಿಯೇ ಒಂದು ಕೈಪಿಡಿ ಬರೆದರು. ಅದರ ಹಿಂದೆಯೇ ಬಂದದ್ದು ಅವರ ಜೀವನದ ಮುಖ್ಯ ಕೆಲಸ, ಲೆಕ್ಕದ ಕೆಲಸ. 1966ರಲ್ಲಿ ವಿಕ್ಟರ್ ಲಾಟರ್ ಎಂಬ ಸಂಶೋಧಕರು ಮಿಡ್ಲ್‌ಸೆಕ್ಸ್ ಪ್ರಾಂತದ 8ರಿಂದ 10 ವರ್ಷದ ಮಕ್ಕಳನ್ನೆಲ್ಲ ಸಮೀಕ್ಷಿಸಿ, ಕ್ಯಾನರ್ ವರ್ಣನೆಗೆ ಹೊಂದುವವರು 10,000ಕ್ಕೆ 4.5 ಎಂದು ಕಂಡುಹಿಡಿದಿದ್ದರು. ಆಟಿಸಂ ಬಲು ಅಪರೂಪವೆಂಬ ಭಾವನೆಗೆ ಅದು ಆಧಾರ. ಲೋರ್ನಾಗೆ ಅದರಲ್ಲಿ ಒಂದು ಅನುಮಾನ. ಸಂಘಕ್ಕೆ ಬರುತ್ತಿದ್ದ ಕುಟುಂಬಗಳ ಮಕ್ಕಳಲ್ಲಿ ಎಷ್ಟೋ ಮಂದಿ ಕ್ಯಾನರ್ ಹಾಕಿದ ಚೌಕಟ್ಟಿನೊಳಗೆ ಕೂರುತ್ತಿರಲಿಲ್ಲ, ಆದರೆ ಅವರ ಕಷ್ಟವೂ ಅದೇ. ಚೌಕಟ್ಟಿನ ಹೊರಗಿದ್ದವರಿಗೆ ಶಾಲೆಯಿಲ್ಲ, ಸಹಾಯವಿಲ್ಲ.

ಹೀಗಾಗಿ ಅವರು ಮತ್ತು ಮನಶ್ಶಾಸ್ತ್ರಜ್ಞೆ ಜೂಡಿತ್ ಗೂಲ್ಡ್ ಪ್ರಶ್ನೆಯನ್ನೇ ತಿರುಗಿಸಿದರು. ‘ಕ್ಯಾನರ್ ಮಕ್ಕಳು ಎಲ್ಲಿದ್ದಾರೆ?’ ಎಂದು ಹುಡುಕಲಿಲ್ಲ. ಆಗ್ನೇಯ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಪ್ರದೇಶವನ್ನು ಆರಿಸಿಕೊಂಡರು. ಅದು ಸಿರಿವಂತರ ಬಡಾವಣೆಯಲ್ಲ. ಜಾನ್ ವಿಂಗ್ ಅವರ ಘಟಕ ಅಲ್ಲಿನ ಮನೋವೈದ್ಯಕೀಯ ಸೇವೆ ಪಡೆದವರ ದಾಖಲೆಪುಸ್ತಕವನ್ನು ಮೊದಲೇ ಇಟ್ಟುಕೊಂಡು ಬಂದಿತ್ತು. ಅಲ್ಲಿ 15 ವರ್ಷದೊಳಗಿನ ಮಕ್ಕಳು ಸುಮಾರು 35,000. ಅವರಲ್ಲಿ ಯಾವುದೇ ಬಗೆಯ ನ್ಯೂನತೆಯ ಕಾರಣಕ್ಕೆ ಆರೋಗ್ಯ, ಶಿಕ್ಷಣ ಅಥವಾ ಸಮಾಜಕಲ್ಯಾಣ ಇಲಾಖೆಯ ಗಮನಕ್ಕೆ ಬಂದ ಮಕ್ಕಳನ್ನೆಲ್ಲ ಜರಡಿ ಹಿಡಿದು, 132 ಮಕ್ಕಳನ್ನು ಒಬ್ಬೊಬ್ಬರಂತೆ ಕೂಲಂಕಷವಾಗಿ ಪರೀಕ್ಷಿಸಿದರು. ಅವರಲ್ಲಿ 58 ಮಕ್ಕಳು, ತೀವ್ರ ಬುದ್ಧಿನ್ಯೂನತೆಯಿದ್ದರೂ, ತಮ್ಮ ಮಟ್ಟಕ್ಕೆ ತಕ್ಕಂತೆ ಜನರೊಡನೆ ಬೆರೆಯಬಲ್ಲವರು. ಉಳಿದ 74 ಮಕ್ಕಳಲ್ಲಿ ಬೆರೆಯುವ ಶಕ್ತಿಯಲ್ಲೇ ತೊಡಕು. ಆ 74ರಲ್ಲಿ ಕ್ಯಾನರ್ ಹೇಳಿದ ಲಕ್ಷಣಗಳಿದ್ದವರು ಬರೀ 17.

ನನ್ನ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ಭಾಗ್ಯ ನನಗಿರಲಿಲ್ಲ, ಆದರೂ ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. 17 ಎಂದರೆ 10,000ಕ್ಕೆ ಸುಮಾರು 5; ಲಾಟರ್ ಅವರ ಲೆಕ್ಕಕ್ಕೆ ಹತ್ತಿರವೇ. ಆದರೆ 74 ಎಂದರೆ 10,000ಕ್ಕೆ 21. ಅಂದರೆ ಅದೇ ಬಗೆಯ ನೆರವು ಬೇಕಾದ ನಾಲ್ಕು ಮಕ್ಕಳಲ್ಲಿ ಮೂರಕ್ಕೂ ಹೆಚ್ಚು ಮಂದಿ ಲೆಕ್ಕಕ್ಕೇ ಸಿಗದೆ ಉಳಿದಿದ್ದರು. 1979ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೂ ಎರಡು ಸಂಗತಿಗಳನ್ನು ಹೇಳಿತು. ಸಾಮಾಜಿಕ ಒಡನಾಟ, ಸಂವಹನ, ಕಲ್ಪನಾಶಕ್ತಿ - ಈ ಮೂರರ ತೊಡಕುಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಒಟ್ಟೊಟ್ಟಿಗೆ ಬರುತ್ತವೆ, ಜೊತೆಗೆ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವ ಒಲವೂ ಇರುತ್ತದೆ. ಇದನ್ನೇ ‘ತ್ರಿಕೂಟ’ವೆಂದು ಮುಂದಿನ ವೈದ್ಯರು ಬಾಯಿಪಾಠ ಮಾಡಿದರು. ಎರಡನೆಯದಾಗಿ, ಬೆರೆಯಲಾರದ ಮಕ್ಕಳೆಲ್ಲ ಮೂಲೆ ಹಿಡಿದು ಕೂರುವವರಲ್ಲ. ಕೆಲವರು ದೂರ ಸರಿಯುತ್ತಾರೆ. ಕೆಲವರು ಯಾರಾದರೂ ಕರೆದರೆ ಸುಮ್ಮನೆ ಬರುತ್ತಾರೆ, ತಾವಾಗಿ ಬರುವುದಿಲ್ಲ. ಇನ್ನು ಕೆಲವರು ಮೈಮೇಲೆ ಬಿದ್ದು ಮಾತಾಡುತ್ತಾರೆ. ಆದರೆ ಎದುರಿನವರಿಗೆ ಆ ಮಾತಿನಲ್ಲಿ ಆಸಕ್ತಿಯಿದೆಯೇ ಎಂಬುದು ಅವರಿಗೆ ತಿಳಿಯುವುದಿಲ್ಲ. ಬೆಳೆಯುತ್ತ ಒಂದೇ ಮಗು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ತರಗತಿಯಲ್ಲಿ ಪಾಠ ಮಾಡಿದ ಯಾರಿಗಾದರೂ ಈ ಮೂರನೆಯ ಬಗೆಯ ಹುಡುಗ ಒಬ್ಬನಾದರೂ ನೆನಪಾಗದಿರಲಾರ.

ಆ ಮೂರನೆಯ ಬಗೆಯನ್ನು ಯೋಚಿಸುತ್ತಲೇ ಲೋರ್ನಾ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಅವರ ಬರಹದತ್ತ ಹೊರಳಿದರು. ಆಸ್ಪರ್ಗರ್ 1944ರಲ್ಲಿ ನಾಲ್ವರು ಹುಡುಗರನ್ನು ವಿವರಿಸಿ ಜರ್ಮನ್ ಭಾಷೆಯಲ್ಲಿ ಬರೆದಿದ್ದರು: ನಿರರ್ಗಳ ಮಾತು, ಒಂದೇ ವಿಷಯದ ಗೀಳು, ಜನರೊಡನೆ ವ್ಯವಹಾರದಲ್ಲಿ ಮುಗ್ಗರಿಕೆ. ಇಂಗ್ಲಿಷ್ ಜಗತ್ತಿಗೆ ಅದು ತಲುಪಿರಲಿಲ್ಲ. ಜರ್ಮನ್ ಬಲ್ಲ ಜಾನ್ ಹೆಂಡತಿಗೆ ಅದನ್ನು ಓದಿ ಹೇಳಿದರಂತೆ. 1970ರ ದಶಕದ ಕೊನೆಗೆ ಆಸ್ಪರ್ಗರ್ ಲಂಡನ್ನಿಗೆ ಬಂದಾಗ ಮಾಡ್ಸ್‌ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಇಬ್ಬರೂ ಚರ್ಚಿಸಿದರು. ತಾನು ಕಂಡದ್ದೂ ಕ್ಯಾನರ್ ಕಂಡದ್ದೂ ಬೇರೆ ಬೇರೆ ಎಂದು ಆಸ್ಪರ್ಗರ್. ಎರಡೂ ಒಂದೇ ಹರಹಿನ ಭಾಗಗಳು ಎಂದು ಲೋರ್ನಾ. ಒಮ್ಮತಕ್ಕೆ ಬರಲಿಲ್ಲ, ಸೌಹಾರ್ದದಿಂದಲೇ ಬೀಳ್ಕೊಂಡರು. 1980ರಲ್ಲಿ ಆಸ್ಪರ್ಗರ್ ತೀರಿಕೊಂಡರು. ಮರುವರ್ಷ ಲೋರ್ನಾ, 5ರಿಂದ 35 ವರ್ಷದವರೆಗಿನ 34 ಮಂದಿಯ ವಿವರಗಳೊಡನೆ ಪ್ರಬಂಧವೊಂದನ್ನು ಪ್ರಕಟಿಸಿ ‘ಆಸ್ಪರ್ಗರ್ ಸಿಂಡ್ರೋಮ್’ ಎಂಬ ಹೆಸರನ್ನು ಮುಂದಿಟ್ಟರು. ಆಸ್ಪರ್ಗರ್ ತಾವೇ ಕೊಟ್ಟಿದ್ದ ಹೆಸರಿನಲ್ಲಿ ‘ಸೈಕೋಪತಿ’ ಎಂಬ ಪದವಿತ್ತು. ಅದನ್ನು ಕೇಳಿದ ತಂದೆತಾಯಿಗಳು ಮಗನನ್ನು ಅಪರಾಧಿಯೆಂದು ಕರೆದಂತೆ ಬೆಚ್ಚಬಹುದೆಂಬುದು ಅವರ ಕಾಳಜಿ.

ಆಕೆಯ ಉದ್ದೇಶ ಎರಡರ ನಡುವೆ ಸೇತುವೆ ಕಟ್ಟುವುದಾಗಿತ್ತು. ಜಗತ್ತು ಆ ಹೆಸರನ್ನೆತ್ತಿಕೊಂಡು ಗೋಡೆ ಕಟ್ಟಿತು. ಆಸ್ಪರ್ಗರ್ ಎಂದರೆ ಬುದ್ಧಿವಂತರದು, ಆಟಿಸಂ ಎಂದರೆ ಉಳಿದವರದು ಎಂಬ ಹೊಸ ಜಾತಿಭೇದವೇ ಹುಟ್ಟಿತು. ಪಂಡೋರಾಳ ಪೆಟ್ಟಿಗೆಯನ್ನು ತೆರೆದಂತಾಯಿತೆಂದು ಅವರೇ ಮುಂದೆ ಹೇಳಿಕೊಂಡರು. ಆಸ್ಪರ್ಗರ್ ಹೆಸರಿಗೆ ಇನ್ನೊಂದು ಕಪ್ಪುಚುಕ್ಕೆ ತಗುಲಿದ್ದು ಲೋರ್ನಾ ಗತಿಸಿದ ಮೇಲೆ. ವಿಯೆನ್ನಾದ ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ನಾಜಿ ಆಳ್ವಿಕೆಯಲ್ಲಿ ಆಸ್ಪರ್ಗರ್ ಮಕ್ಕಳನ್ನು ಸ್ಪೀಗಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳುಹಿಸಿದ್ದರೆಂಬುದು ದಾಖಲೆಸಹಿತ ಹೊರಬಿತ್ತು. ಆ ಸಂಸ್ಥೆಯಲ್ಲಿ ಸತ್ತ ಮಕ್ಕಳ ಸಂಖ್ಯೆ 789. ಚರಿತ್ರೆಯ ಮೇಷ್ಟ್ರಾಗಿ ನಾನು ಇಷ್ಟು ಹೇಳಬಲ್ಲೆ: ಹೆಸರಿಡುವಾಗ ಲೋರ್ನಾ ಮುಂದೆ ಈ ದಾಖಲೆಗಳಿರಲಿಲ್ಲ.

ಸ್ಪೆಕ್ಟ್ರಂ ಎಂಬ ಮಾತಿಗೆ ಬರೋಣ. ನಮ್ಮ ಪ್ರೌಢಶಾಲೆಯ ವಿಜ್ಞಾನಪುಸ್ತಕದಲ್ಲಿ ಅದಕ್ಕೆ ‘ರೋಹಿತ’ ಎಂದಿತ್ತು. ಪಟ್ಟಕದ ಮೂಲಕ ಬಿಸಿಲು ಹಾಯಿಸಿ ಗೋಡೆಯ ಮೇಲೆ ಬಣ್ಣ ಬೀಳಿಸುತ್ತಿದ್ದ ನಮ್ಮ ವಿಜ್ಞಾನದ ಮೇಷ್ಟರು, ‘ಹಸಿರು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತು, ಬೆರಳಿಟ್ಟು ತೋರಿಸು’ ಎಂದು ಹುಡುಗರನ್ನು ಎಬ್ಬಿಸಿ ಕೇಳುತ್ತಿದ್ದರು. ಯಾರಿಗೂ ತೋರಿಸಲಾಗುತ್ತಿರಲಿಲ್ಲ. ಮಾತೇ ಬಾರದ ಸೂಸಿಯಂಥವಳಿಂದ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವವನವರೆಗೆ, ಅಲ್ಲಿಂದ ‘ಸ್ವಲ್ಪ ವಿಚಿತ್ರ ಮನುಷ್ಯ’ ಎನಿಸಿಕೊಂಡ ನೆರೆಮನೆಯವನವರೆಗೆ ಗೆರೆ ಎಳೆಯಲಾಗದೆಂದು ಲೋರ್ನಾ ಹೇಳಿದ್ದು ಇದೇ ಅರ್ಥದಲ್ಲಿ. ‘ಎಲ್ಲರೂ ಸ್ವಲ್ಪ ಸ್ವಲ್ಪ ಆಟಿಸ್ಟಿಕ್ಕೇ’ ಎಂಬ ಲಘುಮಾತು ಈಗ ಚಾಲ್ತಿಯಲ್ಲಿದೆ. ಅದು ನನಗೆ ಹಿಡಿಸುವುದಿಲ್ಲ. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಮಗುವನ್ನು ಕಾಯುವ ಮನೆಯವರ ಮುಂದೆ ನಿಂತು ಆ ಮಾತು ಹೇಳಲು ಬಾಯಿ ಬಾರದು.

ಇಷ್ಟೆಲ್ಲ ನಡೆಯುತ್ತಿದ್ದಾಗ ತಾಯಿಯ ಮೇಲಿನ ಆರೋಪ ಏನಾಯಿತು? ಅದನ್ನು ಒಬ್ಬರೇ ಕೆಡವಲಿಲ್ಲ. ಅಮೆರಿಕದಲ್ಲಿ, ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಪುಸ್ತಕ ಬರೆದು, ಇದು ನರಮಂಡಲದ ವಿಷಯವೆಂದು ವಾದಿಸಿದರು. 1969ರಲ್ಲಿ ಕ್ಯಾನರ್ ತಾವೇ ಅಮೆರಿಕದ ತಂದೆತಾಯಿಗಳ ಸಂಘದ ಸಭೆಯಲ್ಲಿ ನಿಂತು, ಆ ಆರೋಪದಿಂದ ಅವರನ್ನು ದೋಷಮುಕ್ತಗೊಳಿಸುವುದಾಗಿ ಹೇಳಿದರು. ಹೇಳಿದ್ದು ಒಳ್ಳೆಯದೇ, ಇಪ್ಪತ್ತು ವರ್ಷ ತಡವಾಯಿತು. ಕೊನೆಯ ಮೊಳೆ ಹೊಡೆದದ್ದು 1977ರ ಅವಳಿಜವಳಿಗಳ ಅಧ್ಯಯನ. ಸೂಸನ್ ಫೋಲ್‌ಸ್ಟೈನ್ ಮತ್ತು ಲಂಡನ್ನಿನ ಮನೋವೈದ್ಯ ಮೈಕೆಲ್ ರಟರ್ ಅವರು, ಒಬ್ಬರಿಗಾದರೂ ಆಟಿಸಂ ಇದ್ದ 21 ಜೋಡಿಗಳನ್ನು ಹುಡುಕಿದರು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಜೋಡಿಗಳು 11. ಅವುಗಳಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ. ಬೇರೆ ಬೇರೆ ಅಂಡದ ಜೋಡಿಗಳು 10; ಇಬ್ಬರಿಗೂ ಇದ್ದ ಜೋಡಿ ಒಂದೂ ಇಲ್ಲ. ಎರಡೂ ಬಗೆಯ ಜೋಡಿಗಳನ್ನು ಸಾಕಿದವರು ತಾಯಂದಿರೇ. ಒಂದೇ ಮನೆ, ಒಂದೇ ಮಡಿಲು. ಸಾಕುವಿಕೆಯೇ ಕಾರಣವಾಗಿದ್ದರೆ ಈ ವ್ಯತ್ಯಾಸ ಬರಲು ಹೇಗೆ ಸಾಧ್ಯ? ಸಂಖ್ಯೆ ಸಣ್ಣದು, ನಿಜ. ಮುಂದೆ ಹಲವು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನಗಳೂ ಅನುವಂಶೀಯತೆಯ ಪಾತ್ರ ಬಲು ದೊಡ್ಡದೆಂಬುದನ್ನೇ ಎತ್ತಿಹಿಡಿದಿವೆ.

ಒಂದು ಆರೋಪ ಹೋದರೆ ಇನ್ನೊಂದು ಬರುತ್ತದೆ. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ವಿವರ ಕೊಟ್ಟು, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ನಂಟಿರುವ ಸೂಚನೆ ಕೊಟ್ಟರು. ಲಕ್ಷಾಂತರ ಮಕ್ಕಳನ್ನೊಳಗೊಂಡ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ವೈದ್ಯ ನೋಂದಣಿ ಕಳೆದುಕೊಂಡರು. ಆದರೆ ‘ಹಾಗಾದರೆ ಸಂಖ್ಯೆ ಏಕೆ ಏರುತ್ತಿದೆ?’ ಎಂಬ ಪ್ರಶ್ನೆ ಉಳಿಯಿತು. ಅಮೆರಿಕದ ರೋಗನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ ಎಂಟು ವರ್ಷದ ಮಕ್ಕಳಲ್ಲಿ 2000ದಲ್ಲಿ 150ಕ್ಕೆ ಒಬ್ಬರಿದ್ದದ್ದು 2022ರಲ್ಲಿ 31ಕ್ಕೆ ಒಬ್ಬರಾಗಿದೆ. ಲೋರ್ನಾ 2002ರಲ್ಲಿಯೇ ಡೇವಿಡ್ ಪಾಟರ್ ಜೊತೆಗೂಡಿ ಅಲ್ಲಿಯವರೆಗಿನ ಸಮೀಕ್ಷೆಗಳನ್ನೆಲ್ಲ ಪರಿಶೀಲಿಸಿ, ಏರಿಕೆಯ ಬಹುಭಾಗಕ್ಕೆ ಕಾರಣ ವ್ಯಾಖ್ಯೆ ಹಿಗ್ಗಿದ್ದು, ತಿಳಿವಳಿಕೆ ಬೆಳೆದದ್ದು, ಸೇವೆಗಳು ಬಂದದ್ದು ಎಂದು ಬರೆದಿದ್ದರು. ಬಲೆಯ ಕಣ್ಣನ್ನು ಚಿಕ್ಕದು ಮಾಡಿದ ಮೇಲೆ ಹೆಚ್ಚು ಮೀನು ಸಿಕ್ಕಿದರೆ ಕೆರೆಯಲ್ಲಿ ಮೀನು ಹೆಚ್ಚಿತೆನ್ನಲಾಗದಲ್ಲ. ಆ ಬಲೆಯನ್ನು ಹೆಣೆದವರಲ್ಲಿ ತಾವೇ ಮೊದಲಿಗರಾದ್ದರಿಂದ ಈ ಮಾತು ಹೇಳುವ ಅಧಿಕಾರ ಆಕೆಗಿತ್ತು.

ನಮ್ಮ ದೇಶದ ಕಾನೂನಿನಲ್ಲಿ ಈ ಚರಿತ್ರೆಯ ಗುರುತು ಕಾಣುತ್ತದೆ. 1995ರ ಅಂಗವಿಕಲರ ಕಾಯಿದೆ ಪಟ್ಟಿಮಾಡಿದ ಏಳು ಬಗೆಗಳಲ್ಲಿ ಆಟಿಸಂ ಇರಲಿಲ್ಲ. ಆಟಿಸಂ ಇದ್ದ ಮಗು ಸೌಲಭ್ಯ ಪಡೆಯಬೇಕಾದರೆ ಬುದ್ಧಿಮಾಂದ್ಯ ಎಂಬ ತಲೆಬರಹದ ಅಡಿಯಲ್ಲಿ ಹೋಗಿ ನಿಲ್ಲಬೇಕಾಗಿತ್ತು. ಬುದ್ಧಿ ಚುರುಕಾಗಿದ್ದರೆ ಅದೂ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಟಿಸಂ ಅನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ‘ಆಟಿಸಂ ಸ್ಪೆಕ್ಟ್ರಂ’ ಎಂದೇ ಇದೆ. ಪ್ರಮಾಣಪತ್ರಕ್ಕಾಗಿ ಅಲೆಯುತ್ತಿರುವ ನನ್ನ ಓದುಗರು ಈ ಕಾಯಿದೆಯ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಲೋರ್ನಾ ಸಂಶೋಧನಾ ಮಂಡಲಿಯಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. 1991ರಲ್ಲಿ ಜೂಡಿತ್ ಗೂಲ್ಡ್ ಜೊತೆ ಲಂಡನ್ನಿನ ಬ್ರಾಮ್ಲಿಯಲ್ಲಿ ರೋಗನಿರ್ಣಯ ಕೇಂದ್ರವೊಂದನ್ನು ಆರಂಭಿಸಿದರು. ಲಕ್ಷಣಗಳ ಪಟ್ಟಿಗೆ ಗುರುತು ಹಾಕಿ ಕಳುಹಿಸುವ ಪದ್ಧತಿ ಅವರಿಗೆ ಒಗ್ಗುತ್ತಿರಲಿಲ್ಲ. ತಂದೆತಾಯಿಗಳನ್ನು ಎದುರಿಗೆ ಕೂರಿಸಿಕೊಂಡು, ಮಗು ಹಸುಗೂಸಾಗಿದ್ದಾಗಿನಿಂದ ಇಂದಿನವರೆಗೆ ಹೇಗೆ ಉಂಡಿತು, ಹೇಗೆ ಮಲಗಿತು, ಹೇಗೆ ಆಡಿತು ಎಂಬುದನ್ನೆಲ್ಲ ಗಂಟೆಗಟ್ಟಲೆ ಕೇಳುವ ಸಂದರ್ಶನ ವಿಧಾನವೊಂದನ್ನು ಇಬ್ಬರೂ ರೂಪಿಸಿದರು. ಹಿಂದೆ ಯಾರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸಲಾಗಿತ್ತೋ ಅವರೇ ಈಗ ಮುಖ್ಯ ಸಾಕ್ಷಿಗಳಾದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರ್ ಎಂಬ ಪ್ರತ್ಯೇಕ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನಡಿ ತಂದಿತು. ಲೋರ್ನಾ ಮೂವತ್ತು ವರ್ಷಗಳಿಂದ ಹೇಳುತ್ತಿದ್ದದ್ದು ಅದನ್ನೇ. ಆದರೂ ಕರಡು ಬಂದಾಗ ಚಪ್ಪಾಳೆ ತಟ್ಟಿ ಸುಮ್ಮನಾಗಲಿಲ್ಲ. 2011ರಲ್ಲಿ ಗೂಲ್ಡ್ ಮತ್ತು ಸ್ವೀಡನ್ನಿನ ಕ್ರಿಸ್ಟೋಫರ್ ಗಿಲ್‌ಬರ್ಗ್ ಜೊತೆ ಬರೆದ ಲೇಖನದಲ್ಲಿ, ಕಲ್ಪನಾಶಕ್ತಿಯ ತೊಡಕನ್ನು ಮರೆತಿದ್ದೀರಿ, ಹೆಣ್ಣುಮಕ್ಕಳಲ್ಲಿ ಇದು ಬೇರೆ ರೀತಿ ಕಾಣುವುದನ್ನು ಗಮನಿಸಿಲ್ಲ, ಹಸುಗೂಸುಗಳನ್ನೂ ವಯಸ್ಕರನ್ನೂ ನೆನೆದಿಲ್ಲ ಎಂದು ತಕರಾರು ತೆಗೆದರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು.

ಸೂಸಿ 2005ರಲ್ಲಿ, ತನ್ನ 49ನೆಯ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಹೋದಳು. ಜಾನ್ 2010ರಲ್ಲಿ ತೀರಿಕೊಂಡರು. 2014ರ ಜೂನ್ 6ರಂದು ಲೋರ್ನಾ 85ನೆಯ ವಯಸ್ಸಿನಲ್ಲಿ ಗತಿಸಿದಾಗ ಬ್ರಾಮ್ಲಿಯ ಆ ಕೇಂದ್ರಕ್ಕೆ ಅವರ ಹೆಸರನ್ನಿಟ್ಟು ಕೆಲವು ವರ್ಷಗಳೇ ಆಗಿದ್ದವು.

ಪತ್ರ ಬರೆದ ಹುಡುಗಿಗೆ ಒಂದು ಮಾತು: ಈ ಬರಹವನ್ನು ಮುದ್ರಿಸಿ ಅತ್ತೆಯವರಿಗೆ ಓದಿ ಹೇಳಬೇಕೆಂದಿದ್ದರೆ, ಅವಳಿಜವಳಿಗಳ ಭಾಗದಿಂದ ಶುರುಮಾಡು. ಮೊಮ್ಮಗನ ಮೇಲೆ ಅವರಿಗೂ ಪ್ರೀತಿಯಿದೆ, ಅರ್ಥವಾದೀತು.